ಕುರಿಗಳ ಮರೆಯಲ್ಲಿ ಬಂದ ಬಂದೂಕು

೧೯೪೪ರ ಚಳಿಗಾಲ. ನಿಜಾಮ ಸಂಸ್ಥಾನದ ನಾರಾಯಣಖೇಡದಿಂದ ಕಲ್ಹೇರ್ ಕಡೆಗಿನ ದಾರಿಯ ಒಂದು ಕೆರೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಕೆರೆಯನ್ನು ಜಹಗೀರದಾರರು ತಮ್ಮ ಶಿಕಾರಿಗೆಂದು ಮೀಸಲಿಟ್ಟಿದ್ದರು. ಪ್ರತಿ ಚಳಿಗಾಲ ಉತ್ತರದಿಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತಿದ್ದವು. ಅವು ಇರುವಷ್ಟು ದಿನ ದನಕುರಿ ನೀರಿಗಿಳಿಯಬಾರದೆಂದು ಹುಕುಂ ಇತ್ತು. ಇಳಿದವನ್ನು ಕೂಡಿಹಾಕುವ ದೊಡ್ಡಿಗೆ ಕೊಂಡವಾಡ ಎನ್ನುತ್ತಿದ್ದರು. ಬೆಳಿಗ್ಗೆ ಹಕ್ಕಿ ಎಣಿಸುವುದು, ಕೊಂಡವಾಡದ ಕೀಲಿ ಕಾಯುವುದು ನನ್ನ ಕೆಲಸ.

ಪುಷ್ಯದಲ್ಲಿ ಉಣ್ಣೆ ಕತ್ತರಿಸುತ್ತಾರೆ. ಅದಕ್ಕೆ ಮೊದಲು ಕುರಿಗಳ ಮೈ ತೊಳೆಯಲೇಬೇಕು; ಮಣ್ಣು ಮೆತ್ತಿದ ಉಣ್ಣೆಯಿಂದ ಒಳ್ಳೆಯ ಕಂಬಳಿ ಆಗದು. ಕುರುಬರ ಮಾಳವ್ವ ತನ್ನ ನಲವತ್ತಮೂರು ಕುರಿಗಳನ್ನು ಕೆರೆಗಿಳಿಸಿದಳು. ಹತ್ತಿರದಲ್ಲೇ ಮೇಯುತ್ತಿದ್ದ ಹೆಬ್ಬಾತುಗಳು ಕತ್ತೆತ್ತಿಯೂ ನೋಡಲಿಲ್ಲ. ಆದರೂ ನನ್ನ ಮೇಲಧಿಕಾರಿ ದರೋಗಾ, ಹಕ್ಕಿ ಬೆದರಿಸಿದಳೆಂದು ಇಡೀ ಹಿಂಡನ್ನು ಕೊಂಡವಾಡಕ್ಕೆ ಹಾಕಿಸಿದರು. ಕೆರೆಯ ಒಂದು ಕೊಡ ನೀರೂ ಕೊಡಕೂಡದೆಂದರು.

ಎರಡನೆಯ ದಿನವೂ ಮಾಳವ್ವ ಕೊಂಡವಾಡದ ಬಾಗಿಲು ಬಿಟ್ಟು ಕದಲಲಿಲ್ಲ.

"ಗುಮಾಸ್ತ್ರ, ಗಬ್ಬದ ಕುರಿ ಅದಾವ್ರಿ. ಹಿಂಗ ಇಟ್ರ ಹೊಟ್ಟ್ಯಾಗಿನ ಮರಿ ಸುದ್ದಾ ಸಾಯ್ತಾವ."

ಆ ಸಂಜೆ ಜಹಗೀರದಾರರ ಇಬ್ಬರು ಅತಿಥಿಗಳು ಬಂದೂಕು ಹಿಡಿದು ಬಂದರು. ದರೋಗಾ ಮಾಳವ್ವನನ್ನು ಕರೆಸಿದರು.

"ನಾಳೆ ಮುಂಜಾನೆ ಹಿಂಡು ನೀರಿನ ಅಂಚಿಗೆ ಹೊಡಕೊಂಡು ನಡಿ. ಸಾಹೇಬ್ರು ನಿಮ್ಮನಿ ಕಂಬಳಿ ಹೊದ್ದು ನಡುವ ಬರ್ತಾರ. ಕುರಿ ಕಂಡ್ರ ಹಕ್ಕಿ ಅಂಜೂದಿಲ್ಲ. ಶಿಕಾರಿ ಆದ್ರ ಹಿಂಡು ನಿಂದು."

ಕುರಿಗೆ ಹಕ್ಕಿ ಅಂಜುವುದಿಲ್ಲವೆಂದು ಗೊತ್ತಿದ್ದೇ ಈ ಮನುಷ್ಯ ಆ ಅಪರಾಧ ಹೊರಿಸಿದ್ದ!

"ಮೊದಲು ನೀರು ಕುಡಿಸೋಣ್ರಿ" ಎಂದೆ.

"ಕೆರೀಗೇ ಹೊಂಟಾವಲ್ಲೋ, ಅಲ್ಲೇ ಕುಡೀಲಿ."

ಮರುದಿನ ಬೆಳಿಗ್ಗೆ ನನ್ನ ಎಣಿಕೆಗೆ ಇನ್ನೂರ ಹದಿನಾರು ಹೆಬ್ಬಾತು ಸಿಕ್ಕವು. ಕಂಬಳಿ ಹೊದ್ದು ಬಗ್ಗಿದ ಅತಿಥಿಗಳು, ಹಿಂದೆ ದರೋಗಾ, ಸುತ್ತ ಕುರಿಗಳು. ನೀರಿನ ವಾಸನೆ ಹತ್ತಿದ್ದೇ ತಡ, ಬಾಯಾರಿದ ಹಿಂಡು ಒಮ್ಮೆಗೇ ನುಗ್ಗಿತು. ಒಬ್ಬ ಅತಿಥಿ ಮುಗ್ಗರಿಸಿದರು, ದರೋಗಾ ಕೆಸರಿಗೆ ಬಿದ್ದರು. ಬಂದೂಕು ಎತ್ತುವ ಮೊದಲೇ, ಮರೆ ತಪ್ಪಿದ ಮನುಷ್ಯರನ್ನು ಕಂಡು ಹಕ್ಕಿಗಳೆಲ್ಲ ಹಾರಿಹೋದವು.

"ಸಾಹೇಬ್ರ, ಇವತ್ತು ಹಕ್ಕಿ ಬೆದರಿಸಿದೋರು ಯಾರ್ರಿ?" ಮಾಳವ್ವ ಕೇಳಿದಳು. "ಕಂಬಳಿ ಬಿಚ್ಚಿ ಕೊಡ್ರಿ, ಮನ್ಯಾಗ ಕೂಸು ಹೊದಕೋತದ."

"ಎಲ್ಲಾ ಕುರಿ ಮತ್ತ ಕೊಂಡವಾಡಕ್ಕ ಹಾಕು!" ದರೋಗಾ ನನ್ನತ್ತ ಕೂಗಿದರು.

"ನಾ ಹಾಕೂದಿಲ್ರಿ" ಎಂದು ಕೀಲಿಯನ್ನು ಅವರ ಮುಂದಿನ ಕೆಸರಿಗೆ ಎಸೆದೆ. ಅವರು ಕೆದಕಿ ಹುಡುಕುವಷ್ಟರಲ್ಲಿ ಮಾಳವ್ವ ಹಿಂಡನ್ನು ಕೆರೆಯ ಏರಿ ದಾಟಿಸಿದ್ದಳು. ಆಚೆ ನಿಜಾಮ ಸರ್ಕಾರದ ನೇರ ಆಡಳಿತದ ಹಳ್ಳಿ. ಜಹಗೀರದ ಹುಕುಂ ಅಲ್ಲಿ ನಡೆಯದು.

ನನ್ನ ನೌಕರಿ ಅಂದೇ ಹೋಯಿತು. ಹಕ್ಕಿ ಕಾಯುವುದು ಒಳ್ಳೆಯ ಕೆಲಸವೆಂದು ಈಗಲೂ ನಂಬುತ್ತೇನೆ. ಆದರೆ ಯಾರಿಂದ ಕಾಯಬೇಕೆಂದು ಮೊದಲ ದಿನವೇ ಕೇಳಬೇಕು. ಉತ್ತರದಲ್ಲಿ ಬಂದೂಕು ಹಿಡಿದವರ ಹೆಸರು ಬಾರದಿದ್ದರೆ ಆ ಕಾವಲಿಗೆ ಸೇರಬಾರದು.