ನಿಂತ ಮೋಟಾರಿನ ಚೆಲುವು

ಮೋಟಾರು ನಡೆಸಲು ನನಗೆ ಬರುವುದಿಲ್ಲ. ಅದರಲ್ಲಿ ಕೂಡ್ರಲೂ ಅಂಜಿಕೆ. ಕೂತರೆ ಬ್ರೇಕು ಹಿಡಿದೀತೋ ಇಲ್ಲವೋ, ಎದುರಿಗೆ ಎಮ್ಮೆ ಬಂದೀತೋ ಎಂಬ ಚಿಂತೆ. ಎಮ್ಮೆ ಬಾರದಿದ್ದರೆ ಯಾಕೆ ಬರಲಿಲ್ಲವೆಂಬ ಚಿಂತೆ. ಆದರೂ ವಿಜಾಪುರದಲ್ಲಿ ಮೋಟಾರಿನ ಮಾತು ಬಂದರೆ ಜನ ನನ್ನನ್ನೇ ಕೇಳುತ್ತಾರೆ. ನಾನು ಕೋರ್ಟು ಕಚೇರಿಯ ಕಾರಕೂನ. ಕಚೇರಿ ಬಿಟ್ಟ ಮೇಲೆ ಸೊಲ್ಲಾಪುರ ರಸ್ತೆಯ ಬೇವಿನ ಗಿಡದ ಕೆಳಗೆ ನಿಂತು, ಹೋಗಿಬರುವ ಹಳೆಯ ಗಾಡಿಗಳನ್ನು ನೋಡುವುದು ನನ್ನ ಚಟ. ಇಸ್ಪೀಟಿನ ಚಟದವರನ್ನು ಹೆಂಡಿರು ಬೈಯುತ್ತಾರೆ. ನನ್ನವಳು ಅದನ್ನೂ ಬಿಟ್ಟಿದ್ದಾಳೆ. ಬಂದವರಿಗೆ "ಮೋಟಾರ್ ನೋಡಾಕ ಹೋಗ್ಯಾರ" ಎಂದಷ್ಟೇ ಹೇಳುತ್ತಾಳೆ, ತೀರಿಕೊಂಡವರ ಸುದ್ದಿ ಹೇಳುವ ದನಿಯಲ್ಲಿ.

ಹಳೆಯ ಮೋಟಾರಿಗೆ ಒಂದು ಮೋರೆ ಇತ್ತು. ನೆಟ್ಟಗೆ ನಿಂತ ರೇಡಿಯೇಟರು, ಎಡಬಲಕ್ಕೆ ಹಿತ್ತಾಳೆಯ ಎರಡು ದೀಪ, ಅಲೆಯಂತೆ ಎದ್ದು ಫುಟ್‌ಬೋರ್ಡಿಗೆ ಇಳಿಯುವ ಮಡ್‌ಗಾರ್ಡು. ಈಗಿನ ಹೊಸವು ಗಾಳಿಯನ್ನು ಸೀಳುತ್ತವಂತೆ. ನನ್ನ ಕಣ್ಣಿಗೆ ಬಚ್ಚಲಲ್ಲಿ ಸವೆದು ಉಳಿದ ಸಬಕಾರದ ತುಂಡಿನ ಹಾಗೆ ಕಾಣುತ್ತವೆ. ಆದಿಲಶಾಹಿ ಕಾಲದವರು ಗುಮ್ಮಟವನ್ನು ಗೋಡೆಯ ಮೇಲೆ ಸುಮ್ಮನೆ ಕವುಚಿ ಹಾಕಲಿಲ್ಲ. ಬುಡಕ್ಕೆ ಕಮಲದ ಎಸಳು ಸುತ್ತಿ ಅದರೊಳಗಿಂದ ಅರಳಿಸಿದರು. ಹಳೆಯ ಮೋಟಾರಿನ ದೀಪವೂ ಹೀಗೆಯೇ ಅರಳಿ ನಿಂತದ್ದು ಎಂದು ಒಮ್ಮೆ ಕಚೇರಿಯಲ್ಲಿ ಅರ್ಧ ತಾಸು ವಿವರಿಸಿದೆ. ಕೊನೆಯವರೆಗೆ ಕೇಳಿದವನು ಒಬ್ಬನೇ. ಅವನಿಗೆ ಬೇಡಿ ಹಾಕಿತ್ತು.

ತಿಕೋಟಾದಲ್ಲಿ ಶೇಂಗಾ ವ್ಯಾಪಾರ ಮಾಡುವ ಗುರಬಸಪ್ಪ ನನ್ನ ಹೆಂಡತಿಯ ತಮ್ಮ. ಅವನ ಮಗಳು ನೀಲವ್ವನನ್ನು ನೋಡಲು ಬಬಲೇಶ್ವರದ ದೊಡ್ಡ ಮನೆತನದವರು ಬರುವವರಿದ್ದರು. ಅವರ ಮನೆಯ ಮುಂದೆ ಮೋಟಾರು ಇದೆಯೆಂದು ಗುರಬಸಪ್ಪ ಕೇಳಿದ್ದ. ಅಂಥವರು ಬರಿಯ ಅಂಗಳ ನೋಡಿ, "ಆಮ್ಯಾಲ ತಿಳಸ್ತೀವಿ" ಎಂದು ಎದ್ದರೆ? ಹಿಂದೆ ಬಂದ ಎರಡು ಮನೆಯವರು ಹಾಗೆ ಹೇಳಿ ಹೋದವರು ಇನ್ನೂ ತಿಳಿಸುತ್ತಲೇ ಇದ್ದಾರೆ. ಆದ್ದರಿಂದ ಒಂದು ಹಳೆಯ ಮೋಟಾರು ಕೊಳ್ಳುವುದೆಂದು ಠರಾಯಿಸಿದ. ಪರೀಕ್ಷೆಗೆ ನನ್ನನ್ನು ಕರೆದ. ನನ್ನ ಮೇಲೆ ಪೂರ್ತಿ ಭರವಸೆ ಇದ್ದುದರಿಂದ ಬಿಜ್ಜರಗಿಯ ಭೀಮಣ್ಣನನ್ನೂ ಕರೆತಂದ. ಭೀಮಣ್ಣ ಎತ್ತು ನೋಡುವವನು. ಅವನು ತಲೆಯಾಡಿಸದೆ ಆ ಕಡೆಯವರು ಎತ್ತನ್ನು ಮನೆಗೆ ತರುವುದಿಲ್ಲ. ಮೋಟಾರಿಗೂ ನಾಲ್ಕು ಕಾಲು ಎಂಬುದು ಗುರಬಸಪ್ಪನ ಲೆಕ್ಕ.

ಸೊಲ್ಲಾಪುರ ರಸ್ತೆಯ ರಿಪೇರಿ ಅಂಗಡಿಯ ಮುಂದೆ ಅದು ನಿಂತಿತ್ತು. ಕಂಡೊಡನೆ ನಾನು ಸೋತೆ. ಅಂಥ ಮಡ್‌ಗಾರ್ಡು ಜಿಲ್ಲೆಯಲ್ಲಿ ಇನ್ನೊಂದಿಲ್ಲವೆಂದು ಶುರು ಮಾಡಿ ಕಮಲದ ಎಸಳಿನವರೆಗೆ ಬಂದೆ. ಭೀಮಣ್ಣ ಗಾಡಿಯ ಮೋರೆಯನ್ನು ನೋಡಲೇ ಇಲ್ಲ. ಹಿಂದೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಮುಗಿಸಿದ.

"ಮುಗೀತೇನ್ರಿ ಕಾರಕೂನರ? ಇನ್ನ ಅದನ್ನ ಒಂದೀಟು ನಡಸ್ರಿ, ಆ ಹುಡಿಮಣ್ಣಾಗ."

ಅಂಗಡಿಯವನು ನೆಟ್ಟಗೆ ನಡೆಸಿದ. ಗಾಡಿ ಮುಂದೆ ಹೋಯಿತು. ಭೀಮಣ್ಣ ಅದನ್ನು ಬಿಟ್ಟು ನೆಲ ನೋಡುತ್ತ ನಿಂತ. ಒಳ್ಳೆಯ ಎತ್ತಿನ ಹಿಂಗಾಲು ಮುಂಗಾಲಿನ ಹೆಜ್ಜೆಯಲ್ಲೇ ಬೀಳಬೇಕು. ಇಲ್ಲಿ ಹಿಂದಿನ ಗಾಲಿಯ ಜಾಡು ಮುಂದಿನದಕ್ಕಿಂತ ಒಂದು ಗೇಣು ಆಚೆ ಬಿದ್ದಿತ್ತು.

"ಇದರ ಬೆನ್ನ ಮುರದೈತಿ. ಎಲ್ಲ್ಯೋ ಬಿದ್ದ ಎದ್ದ ಬಂದೈತಿ. ಮಾರಿ ಮುಂದ ಮಾಡಿ ಅಡ್ಡ ನಡೀತೈತಿ ನೋಡ್ರಿ."

ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ: ಬಲಗಡೆಯ ಮಡ್‌ಗಾರ್ಡು ಎಡಗಡೆಯದಕ್ಕಿಂತ ಎರಡು ಬೆರಳು ಮೇಲಿದ್ದುದು ನನಗೂ ಕಂಡಿತ್ತು. ಚೆಲುವಿಗೆ ಅಷ್ಟು ಗತ್ತು ಇರಲಿ ಎಂದು ಸುಮ್ಮನಿದ್ದೆ. ಈಗ ಗುರಬಸಪ್ಪನ ಮುಂದೆ ನನ್ನ ಮಾನ ಹೋಯಿತೆಂದು ನೆಲ ನೋಡುತ್ತಿದ್ದರೆ, ಅವನು ನಕ್ಕ.

"ನಡಸಾವ್ರು ಯಾರ ಭೀಮಣ್ಣ? ಈ ಯುದ್ಧದಾಗ ಪೆಟ್ರೋಲ್ ಕೂಪನ್ ಯಾವನ ಕೊಡ್ತಾನ? ಅಂಗಳದಾಗ ನಿಂತ್ರ ಸಾಕು. ಮಾಮಾರ, ನೀವು ಬಾಜೂಕ ನಿಂತು ಬಂದವ್ರಿಗೆ ಆ ಮಡ್‌ಗಾರ್ಡಿಂದು ಹೇಳ್ರಿ."

"ಹಂಗಾದ್ರ ಕಾರಕೂನರ ಪರೀಕ್ಷಾನ ಖರೆ ಬಿಡ್ರಿ," ಎಂದ ಭೀಮಣ್ಣ. "ನಿಂತ ಎತ್ತಿಗೆ ಕೋಡ ಚಂದ ಇದ್ರ ಆತು."

ಇಷ್ಟು ವರ್ಷದ ನನ್ನ ವಿದ್ಯೆಯನ್ನು ಇಷ್ಟು ಚಿಕ್ಕದರಲ್ಲಿ ಯಾರೂ ಹೇಳಿರಲಿಲ್ಲ.

ಮೋಟಾರನ್ನು ಅಡ್ಡಡ್ಡವಾಗಿಯೇ ತಿಕೋಟಾ ಮುಟ್ಟಿಸಿದರು. ನೋಡುವ ದಿನ ಬಬಲೇಶ್ವರದವರು ಎತ್ತಿನ ಬಂಡಿಯಲ್ಲಿ ಬಂದರು, ಪೆಟ್ರೋಲು ಸಿಗಲಿಲ್ಲವಂತೆ. ವರನ ತಂದೆ ದೊಡ್ಡ ರುಮಾಲಿನ ಹಿರಿಯರು. ನನ್ನ ವಿವರಣೆಯನ್ನು ಕಮಲದ ಎಸಳಿನವರೆಗೂ ತಾಳ್ಮೆಯಿಂದ ಕೇಳಿ, ಒಂದೇ ಪ್ರಶ್ನೆ ಹಾಕಿದರು.

"ಎಲ್ಲಾ ಖರೆ ರೀ. ಇದು ನಡೀತೈತೇನ್ರಿ?"

ಗುರಬಸಪ್ಪ ನನ್ನನ್ನು ನೋಡಿದ. ಅವಲಕ್ಕಿಯ ತಾಟು ಹಿಡಿದ ನೀಲವ್ವ ಹೊಸ್ತಿಲಲ್ಲಿ ನಿಂತಳು. ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ವರ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟ. ಇವರು ಒಂದು ಸುತ್ತು ಹೋಗಿಬರೋಣ ಎಂದರೆ? ಗಾಡಿ ತೆಗ್ಗಿಗೆ ಬಿದ್ದರೆ? ಲಗ್ನವಾಗುವ ಮೊದಲೇ ವರನ ಕಾಲು ಮುರಿದರೆ?

"ನಡೀತೈತ್ರಿ," ಎಂದೆ. "ಆದ್ರ ಅಡ್ಡ ನಡೀತೈತಿ. ಬೆನ್ನ ಮುರದೈತ್ರಿ."

ಗುರಬಸಪ್ಪನ ಮೋರೆ ಸಬಕಾರದಂತಾಯಿತು. ಹಿರಿಯರು ಮಗನ ಕಾಲು ಸರಿಸಿ, ಅದೇ ಫುಟ್‌ಬೋರ್ಡಿನ ಮೇಲೆ ಕೂತರು.

"ನಮ್ಮದು ಎರಡು ವರ್ಷಾತು, ಅಡ್ಡನೂ ನಡದಿಲ್ರಿ. ಹಿಂದಿನ ಸೀಟಿನ್ಯಾಗ ಬೆಕ್ಕು ಮರಿ ಹಾಕೈತಿ. ಊರಾಗ ಯಾರಿಗೂ ಹೇಳಿಲ್ಲ. ಬೀಗರ ಮುಂದ ಮುಚ್ಚೂದೇನೈತಿ?"

ಬೀಗರು ಎಂಬ ಮಾತನ್ನು ಎಲ್ಲರಿಗಿಂತ ಮೊದಲು ಹಿಡಿದವನು ಗುರಬಸಪ್ಪ. ಒಳಗಿನಿಂದ ಸಕ್ಕರೆ ತರಿಸಿದ.

ಅಂದಿನಿಂದ ತಿಕೋಟಾದಲ್ಲಿ ನನಗೆ ಖರೆ ಮಾತಿನ ಮನುಷ್ಯನೆಂದು ಹೆಸರು. ನಾನು ಸುಮ್ಮನಿದ್ದೇನೆ. ಧೈರ್ಯದಿಂದ ಆಡಿದ ಸತ್ಯಕ್ಕೂ ಅಂಜಿ ಆಡಿದ ಸತ್ಯಕ್ಕೂ ಹೊರಗಿನ ಪಾಲಿಶು ಒಂದೇ. ಯಾರೂ ನಡೆಸಿ ನೋಡದಿದ್ದರೆ ಸಾಕು.