ಅವ್ವನ ಹಾಸು

ರಬಕವಿಯ ನಮ್ಮ ಮನೆಯಲ್ಲಿ ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಇಚಲಕರಂಜಿಯಿಂದ ಸೊಸೆಯಾಗಿ ಬಂದ ಅವ್ವನ ಮರಾಠಿಯಲ್ಲಿ ‘ಹಾಸೂ’ ಎಂದರೆ ನಗು. ಮೊದಲನೆಯದು ಚಾಪೆ ಹಾಸುವ ಅಚ್ಚಗನ್ನಡದ ಮಾತು, ಎರಡನೆಯದು ಸಂಸ್ಕೃತದ ಹಾಸ್ಯದ ಬಳಗದ್ದು. ಮೊನ್ನೆ ನಿಘಂಟಿನಲ್ಲಿ ಇದನ್ನು ಕಂಡೆ. ಅವ್ವನಿಗೆ ಹೇಳಲು ಓಡಿದೆ.

ಹಳೆಯ ಹಾಸು ಮುಗಿದಿತ್ತು. ಅವ್ವ ಅದರ ಒಂದೊಂದು ಎಳೆಯ ತುದಿಗೂ ಹೊಸ ಎಳೆಯಿಟ್ಟು, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಿದ್ದಳು.

“ಅವ್ವಾ, ನಮ್ಮ ಹಾಸು, ನಿನ್ನ ಹಾಸೂ, ಈ ಎರಡು ಮಾತು ಒಂದಕ್ಕೊಂದು ಬಳಗನ ಅಲ್ಲ ನೋಡ!” ಎಂದೆ.

“ಖರೇನ? ನಾ ಬಂದಾಗ ನನಗೂ ಈ ಊರಾಗ ಯಾರೂ ಬಳಗ ಇರಲಿಲ್ಲ,” ಎಂದು ನಕ್ಕಳು.

ಅವಳು ಹೊಸೆದ ಎಳೆಯನ್ನು ಸವರಿ ನೋಡಿದೆ. ಕೂಡಿದ ಜಾಗ ಬೆರಳಿಗೆ ಸಿಗಲಿಲ್ಲ.