ನೊಣ ಸಾಕುವ ಕೆಲಸ

ನನ್ನ ಗಂಡ ವಿಷಮಜ್ವರದಿಂದ ತೀರಿಕೊಂಡ ಆರನೆಯ ತಿಂಗಳಿಗೆ ನನಗೆ ನೊಣ ಸಾಕುವ ಕೆಲಸ ಸಿಕ್ಕಿತು. ಐವತ್ತರ ದಶಕದ ನಡುವಿನ ಮಾತು. ಮುಂಬಯಿಯ ಕುರ್ಲಾದ ಚಾಳಿನ ಒಂದು ಖೋಲಿಯಲ್ಲಿ ನಾನು, ನಮ್ಮ ಅತ್ತೆ ಇಬ್ಬರೇ ಉಳಿದಿದ್ದೆವು. ಧಾರವಾಡಕ್ಕೆ ವಾಪಸು ಹೋದರೂ ಅಲ್ಲಿ ನಮ್ಮವರೆಂಬವರು ಇರಲಿಲ್ಲ. ನಾನು ಮ್ಯಾಟ್ರಿಕ್ ಪಾಸಾಗಿದ್ದೆ ಎಂಬ ಒಂದೇ ಕಾರಣಕ್ಕೆ, ಗಂಡನ ಆಫೀಸಿನ ಗುಮಾಸ್ತರೊಬ್ಬರು ದಾದರಿನಲ್ಲಿ ಕೀಟನಾಶಕ ಪರೀಕ್ಷಿಸುವ ಪ್ರಯೋಗಾಲಯಕ್ಕೆ ನನ್ನನ್ನು ಸೇರಿಸಿದರು.

“ನೊಣಾ ಹೊಡಿಯೂ ಕೆಲಸೇನು?” ಎಂದರು ಅತ್ತೆ.

“ಅಲ್ರಿ ಅತ್ತಿ, ಸಾಕೂ ಕೆಲಸ.”

ಅವರು ಮತ್ತೇನೂ ಕೇಳಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡನೆಯ ಪ್ರಶ್ನೆ ಕೇಳುವ ರೂಢಿಯೇ ಹೋಗಿತ್ತು.

ಪ್ರಯೋಗಾಲಯದಲ್ಲಿ ಜಾಳಿಗೆಯ ಪಂಜರಗಳಿದ್ದವು. ವಯಸ್ಸಾದ ಮರಾಠಿ ಸಾಹೇಬರೊಬ್ಬರು ಕೆಲಸ ತೋರಿಸಿಕೊಟ್ಟರು. ಸಕ್ಕರೆ ಬೆರೆಸಿದ ಹಾಲಿನಲ್ಲಿ ಹತ್ತಿ ಅದ್ದಿ ಒಳಗಿಡಬೇಕು. ಗಾಜಿನ ಭರಣಿಯಲ್ಲಿ ನೆನೆಸಿದ ತೌಡು ಇಟ್ಟರೆ ಹೆಣ್ಣು ನೊಣಗಳು ಅದರ ಬಿರುಕುಗಳಲ್ಲಿ ಮೊಟ್ಟೆ ಇಡುತ್ತಿದ್ದವು. ಶ್ಯಾವಿಗೆಯ ಪುಡಿಯ ಹಾಗೆ ಬೆಳ್ಳಗೆ, ಒಂದು ರಾಶಿಗೆ ನೂರರ ಮೇಲೆ. ಮುಂಬಯಿಯ ಸೆಕೆಗೆ ಮರುದಿನವೇ ಒಡೆಯುತ್ತಿದ್ದವು. ಹುಳಗಳಿಗೆ ಕಾಲಿಲ್ಲ, ಕಣ್ಣಿಲ್ಲ. ಆದರೂ ಬೆಳಕು ಬಿದ್ದರೆ ತೌಡಿನ ಆಳಕ್ಕೆ ಇಳಿಯುತ್ತಿದ್ದವು. ನಾಲ್ಕೈದು ದಿನ ತಿನ್ನುವುದೊಂದೇ ಕೆಲಸ, ನಡುವೆ ಎರಡು ಸಲ ಪೊರೆ ಬಿಡುವುದು. ಭರಣಿಗೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ಆಮೇಲೆ ಒಣಗಿದ ಜಾಗ ಹುಡುಕಿ ಮೇಲೆ ಬಂದು, ಮುದುಡಿ, ಮೈಚರ್ಮವೇ ಗಟ್ಟಿಯಾಗಿ ಕೆಂಪಕ್ಕಿಯ ಕಾಳಿನಂತಾಗುತ್ತಿದ್ದವು. ಆ ಕಾಳುಗಳನ್ನು ಆರಿಸಿ ಹೊಸ ಪಂಜರಕ್ಕೆ ಹಾಕುವುದು ನನ್ನ ಪಾಲಿನದು. ಅಸಹ್ಯ ಆಗುವುದಿಲ್ಲವೇ ಎಂದು ಸಾಹೇಬರು ಒಮ್ಮೆ ಕೇಳಿದರು. ಆಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ಕರೆದು ಭೂತಗನ್ನಡಿಯಲ್ಲಿ ನೋಡಲು ಹೇಳಿದರು. ಕಾಳಿನೊಳಗಿನ ನೊಣ ಹಣೆಯಿಂದ ಒಂದು ಚೀಲ ಉಬ್ಬಿಸಿ ಮುಚ್ಚಳ ತಳ್ಳುತ್ತಿತ್ತು. ಹೊರಬಂದಾಗ ಬಿಳಿಚಿಕೊಂಡು, ಸುಕ್ಕುಗಟ್ಟಿದ ರೆಕ್ಕೆ ಹೊತ್ತು ಗಡಿಬಿಡಿಯಿಂದ ಓಡಾಡಿತು. ಇನ್ನು ಇದು ಬೆಳೆಯುವುದಿಲ್ಲ, ಸಣ್ಣ ನೊಣ ಮರಿಯಲ್ಲ, ಹುಳವಾಗಿದ್ದಾಗ ಹೊಟ್ಟೆ ತುಂಬದ್ದು ಎಂದರು. ನಾನು ಅಷ್ಟು ವರ್ಷ ಸಣ್ಣವನ್ನೆಲ್ಲ ಮರಿಗಳೆಂದೇ ತಿಳಿದಿದ್ದೆ. ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡೆ. ಅವರು ಬೇರೆ ಕಡೆ ನೋಡಿದರು.

ಬೆಳೆದ ನೊಣಗಳನ್ನು ಡಿ.ಡಿ.ಟಿ. ಬಳಿದ ಭರಣಿಗೆ ಬಿಟ್ಟು, ಮರುದಿನ ಎಷ್ಟು ಸತ್ತು ಬಿದ್ದಿವೆ ಎಂದು ಸಾಹೇಬರ ಲೆಕ್ಕದ ವಹಿಯಲ್ಲಿ ಬರೆಯುತ್ತಿದ್ದೆ. ಬದುಕಿದವುಗಳಿಂದ ಮುಂದಿನ ಪೀಳಿಗೆ. ಮೊದಮೊದಲು ಹೆಚ್ಚುಕಡಿಮೆ ಎಲ್ಲವೂ ಸಾಯುತ್ತಿದ್ದವು. ಎರಡನೆಯ ದೀಪಾವಳಿಯ ಹೊತ್ತಿಗೆ ಅದೇ ಭರಣಿಯ ಗೋಡೆಯ ಮೇಲೆ ಕೂತು ಮುಂಗಾಲು ಉಜ್ಜಿಕೊಳ್ಳತೊಡಗಿದವು. ಸಾಹೇಬರು ಕನ್ನಡಕ ತೆಗೆದಿಟ್ಟು ಕೂತರು. ಸತ್ತವಕ್ಕೆ ಮಕ್ಕಳಾಗಲಿಲ್ಲ, ಇವು ಸಾಯದವುಗಳ ಮಕ್ಕಳು ಎಂದರು. ನಾನು ಹೌದೆಂದು ಭರಣಿ ತೊಳೆದೆ.

ಅದೇ ತಿಂಗಳು ಚಾಳಿಗೆ ಡಿ.ಡಿ.ಟಿ. ಹೊಡೆಯುವವರು ಪಂಪು ಹಿಡಿದು ಬಂದರು. ನಾನು ಕೆಲಸಕ್ಕೆ ಹೊರಟಿದ್ದೆ. ಅತ್ತೆ ನೀರಿನ ಕೊಡ ಮುಚ್ಚಿ, ಹೊಸ್ತಿಲಲ್ಲಿ ನಿಂತರು.

“ಖರೇ ಹೇಳು. ಇದರಿಂದ ನೊಣಾ ಸಾಯ್ತಾವೇನು?”

“ಮೊದಲಿನಂಗ ಸಾಯಂಗಿಲ್ರಿ.”

ಅತ್ತೆ ಪಂಪಿನವರ ಕಡೆ ನೋಡುತ್ತ ಹೇಳಿದರು: “ನನ್ನ ಮಗನ ಅನ್ನದ ಮ್ಯಾಲೆ ಕುಂತಿದ್ದು ನಾ ನೋಡಿದ್ನಿ. ಬೀಸಿ ಓಡಿಸಿ, ಅದನ್ನ ಬಡಿಸಿದ್ನಿ.”

ನೊಣಕ್ಕೆ ಅಗಿಯಲು ಬಾರದು, ಉಗುಳಿ ಕರಗಿಸಿ ಹೀರುತ್ತದೆ, ಕಾಲಿನ ರೋಮಗಳಲ್ಲಿ ಹೊಲಸು ಹೊತ್ತು ತರುತ್ತದೆ ಎಂಬುದೆಲ್ಲ ನನಗೆ ಗೊತ್ತಿತ್ತು.

“ನೀರಿನಿಂದಾನೂ ಬರ್ತದ್ರಿ ಆ ಜ್ವರ. ಯಾವದರಿಂದ ಬಂತು ಅಂತ ಯಾರಿಗೂ ಹೇಳಾಕ ಬರಂಗಿಲ್ಲ,” ಎಂದೆ.

ಅದು ಸುಳ್ಳಲ್ಲ. ಆದರೆ ಸಾಹೇಬರ ವಹಿಯಲ್ಲಿ ಬರೆಯುವ ದನಿಯಲ್ಲೇ ಹೇಳಿದ್ದೆ. ಅತ್ತೆಯ ಪಕ್ಕದಲ್ಲಿ ಕೂರಬೇಕಿತ್ತು. ಕೂರದೆ ಸ್ಟೇಷನ್ನಿಗೆ ನಡೆದೆ, ಎಂದಿನ ಲೋಕಲ್ ಹಿಡಿದೆ.

ಸಂಜೆ ಬಂದಾಗ ಖೋಲಿಯಲ್ಲಿ ಔಷಧದ ವಾಸನೆ ಇನ್ನೂ ಇತ್ತು. ಅತ್ತೆ ರೊಟ್ಟಿ, ಪಲ್ಯದ ಮೇಲೆ ಒಗೆದ ಬಿಳಿ ಅರಿವೆ ಹೊದಿಸಿಟ್ಟಿದ್ದರು. ಅದನ್ನು ತೆಗೆದು ಬಡಿಸಿ, ನಾನು ಉಂಡು ಏಳುವವರೆಗೂ ಎದುರಿಗೆ ಕೂತು ತಾಟಿನ ಮೇಲೆ ಅದೇ ಅರಿವೆ ಬೀಸುತ್ತಿದ್ದರು. ಎಲ್ಲವನ್ನೂ ಉಂಡೆ.